ಸೀಟು ಒತ್ತುತ್ತೆ

ಕಮೋಡಿನ ಸೀಟು ನೋಡಿ ಕೆರೆ ಏರಿಯ ಮೇಲೆ ನಿಂತವರೆಲ್ಲ ನಕ್ಕ ದಿನ ಗಂಗಾಲಕ್ಷ್ಮಿಗೆ ಗಂಡನನ್ನು ಆ ಸೀಟಿನ ಸಮೇತ ನೀರಿಗೆ ತಳ್ಳಿಬಿಡಬೇಕು ಅನ್ನಿಸಿತ್ತು. ತಳ್ಳಲಿಲ್ಲ. ತಳ್ಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅವಳಿಗೂ ಶ್ರೀನಿವಾಸಪುರದ ಬಸ್ಸಿನ ಪಾಡು ತಪ್ಪುತ್ತಿತ್ತು.

ತಾಯಲೂರಿನ ಆಚೆಗಿರುವ ಅವರ ಊರಿನ ಕೆರೆಯಲ್ಲಿ ಮೀನು ಹಿಡಿಯುವವರಿಗೆ ದೋಣಿ ಗೀಣಿ ಏನೂ ಇಲ್ಲ. ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ, ಮೇಲೆ ಗೋಣಿ ಸುತ್ತಿ, ನಡುವಿನ ತೂತಿಗೆ ಅಡ್ಡಲಾಗಿ ಒಂದು ಹಲಗೆ ಬಿಗಿದರೆ ಅದೇ ದೋಣಿ, ಅದೇ ಕುರ್ಚಿ. ಕಾಲನ್ನು ನೀರಿಗೆ ಇಳಿಬಿಟ್ಟು ಕೂರಬೇಕು. ಎರಡೂ ಕೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ನೀರನ್ನು ಹಿಂದಕ್ಕೆ ತಳ್ಳುತ್ತಾ ಹೋಗಬೇಕು. ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತಿದರೆ ಕಾಟ್ಲಾ, ರೋಹು, ಏನೂ ಇಲ್ಲದಿದ್ದರೆ ಜಿಲೇಬಿ ಮೀನಾದರೂ ಸಿಗುತ್ತದೆ. ಗಂಡಸರು ನೀರಿನಲ್ಲಿ ಕೂರುತ್ತಾರೆ, ಹೆಂಗಸರು ದಡದಲ್ಲಿ ನಿಂತು ಬಲೆಯಿಂದ ಮೀನು ಬಿಡಿಸುತ್ತಾರೆ. ಎಂಟು ಮನೆಗೆ ಎಂಟು ಟ್ಯೂಬು. ಅದಕ್ಕಿಂತ ಹೆಚ್ಚಾದರೆ ಕೆರೆ ತಡೆಯುವುದಿಲ್ಲ ಎಂದು ಹಿಂದಿನವರು ಮಾಡಿಟ್ಟ ಕಟ್ಟಳೆ.

ಇನ್ನೂ ಒಂದು ಕಟ್ಟಳೆ ಇದೆ, ಅದೇ ಅವಳ ನಿದ್ದೆ ಕೆಡಿಸಿದ್ದು. ಮೀನು ಮೊಟ್ಟೆ ಇಡುವ ಕಾಲದಲ್ಲಿ ಕೆರೆಗೆ ಬಲೆ ಇಳಿಸುವುದಿಲ್ಲ. ಆಷಾಢ ಕಳೆದ ಮೊದಲ ಶುಕ್ರವಾರ ಗಂಗಮ್ಮನ ಪೂಜೆ ಮಾಡಿ ಮತ್ತೆ ಇಳಿಸುತ್ತಾರೆ. ಅವತ್ತು ಮನೆಯ ಹೆಂಗಸು ಟ್ಯೂಬಿಗೆ ಅರಿಶಿನ ಬಳಿಯುತ್ತಾಳೆ. ಅರಿಶಿನ ಬಿದ್ದ ಟ್ಯೂಬು ಮನೆಯವರನ್ನು ಹೊತ್ತು ಕೆರೆಗೆ ಹೋಗಿ, ಬಲೆ ಬಿಟ್ಟು, ಒದ್ದೆಯಾಗಿ ವಾಪಸು ಬರಬೇಕು. ಒಣಗಿದ ಹಾಗೇ ಮನೆಗೆ ತಿರುಗಿದರೆ ಆ ಮನೆಯ ಪಾಲನ್ನು ಗಂಗಮ್ಮ ಹಿಂದಕ್ಕೆ ತೆಗೆದುಕೊಂಡಳು ಎಂದು ಅರ್ಥ. ಅವರ ಜಾಗಕ್ಕೆ ಇನ್ನೊಂದು ಮನೆ ಬರುತ್ತದೆ. ಒಮ್ಮೆ ಹೋದ ಜಾಗ ಮತ್ತೆ ಸಿಕ್ಕಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿಲ್ಲ.

ಜಾಗಕ್ಕೆ ಕಾದು ಕೂತವನು ದಾಯಾದಿ ವೆಂಕಟ್. ಹೊಸ ಟ್ಯೂಬು ತಂದು, ಗೋಣಿ ಸುತ್ತಿ, ಮನೆಯ ಮುಂದಿನ ಹುಣಸೆ ಮರಕ್ಕೆ ಒರಗಿಸಿದ್ದ. ಗಂಗಾಲಕ್ಷ್ಮಿ ನೀರಿಗೆ ಹೋಗುವಾಗೆಲ್ಲ ಆ ಟ್ಯೂಬು ಅವಳ ಕಣ್ಣಿಗೆ ಬೀಳುತ್ತಿತ್ತು. "ಅತ್ತಿಗೇ, ಅಣ್ಣನ ಸೊಂಟ ಹೆಂಗೈತೆ?" ಎಂದು ವೆಂಕಟ್ ದಿನಾ ಕೇಳುತ್ತಿದ್ದ. ಆ ಕೇಳುವ ಧಾಟಿಗೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಕದಿರೇಶ ಅವಳ ತಾಯಿಯ ಒಡಹುಟ್ಟಿದ ತಮ್ಮ. ಮದುವೆಗೆ ಮುಂಚೆಯೂ ಮಾವ, ಆದ ಮೇಲೂ ಮಾವ. ಅತ್ತೆ ಅಂಜಮ್ಮ ಅವಳ ಸ್ವಂತ ಅಜ್ಜಿ. ಹಾಗಾಗಿ ಆ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೆ ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ರಜಕ್ಕೆ ಬಂದಾಗ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ಇದೇ ಕೆರೆಯಲ್ಲಿ ಅವಳಿಗೆ ಈಜು ಕಲಿಸಿದವನು ಅವನೇ. "ನೀರು ಹೊರುತ್ತೆ ಕಣೇ, ನೀನು ಸುಮ್ಕಿರು," ಎಂದು ಬೆನ್ನ ಕೆಳಗಿಂದ ಕೈ ತೆಗೆದಿದ್ದ. ಆಮೇಲೆ ಕೆರೆ ಬತ್ತಿತು. ವರ್ಷಗಟ್ಟಲೆ ಬತ್ತಿಯೇ ಇತ್ತು, ಒಳಗೆಲ್ಲ ಜಾಲಿ ಬೆಳೆಯಿತು. ಮತ್ತೆ ನೀರು ಬಂದಾಗ ಊರಿನವರ ಖುಷಿಗೆ ಎಣೆಯಿರಲಿಲ್ಲ. ಜಾಲಿಯನ್ನು ಕಡಿಯಬೇಕು ಅನ್ನುವ ಬುದ್ಧಿ ಒಬ್ಬನಿಗೂ ಹೊಳೆಯಲಿಲ್ಲ. ಮರಗಳು ನೀರಿನಡಿ ನಿಂತಲ್ಲೇ ಸತ್ತವು, ಮುಳ್ಳು ಮಾತ್ರ ಸಾಯಲಿಲ್ಲ.

ಹೋದ ಕಾರ್ತಿಕದಲ್ಲಿ ಅಂಥದೊಂದು ಮುಳ್ಳು ಕದಿರೇಶನ ಟ್ಯೂಬಿಗೆ ಹೊಕ್ಕಿತು. ಗಾಳಿ ಹೋಗಿ, ಕಾಲು ಬಲೆಗೆ ಸಿಕ್ಕಿ, ಎರಡು ಸಲ ಮುಳುಗಿ ಎದ್ದವನನ್ನು ಹತ್ತಿರದಲ್ಲೇ ಬಲೆ ಬಿಡುತ್ತಿದ್ದ ಹಿರಿಯ ಮುನಿಶಾಮಿ ಎಳೆದುಕೊಂಡು ದಡಕ್ಕೆ ತಂದ. ಮಾರನೆಯ ದಿನದಿಂದ ಸೊಂಟ ನೋವು. ಮುಳಬಾಗಿಲಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಮೂಳೆಯೆಲ್ಲ ಸರಿಯಾಗಿದೆ, ಉಳುಕಿರಬಹುದು ಅಂದರು. "ಹಲಗೆ ಮೇಲೆ ಕೂತೂ ಕೂತೂ ಹಿಂಗಾಗೈತೆ. ಸೀಟು ಸರಿಯಿಲ್ಲ, ಒತ್ತುತ್ತೆ," ಅಂದ ಕದಿರೇಶ. ಸೊಂಟ ನೋವು ಅಂದರೆ ಯಾರು ತಾನೇ ನಂಬುವುದಿಲ್ಲ? ಅದೇನು ಕಣ್ಣಿಗೆ ಕಾಣುವ ಗಾಯವೇ? ಸೀಟು ಸರಿ ಮಾಡಿದರೆ ಗಂಡ ಸರಿಹೋಗುತ್ತಾನೆ ಎಂದು ಗಂಗಾಲಕ್ಷ್ಮಿಯೂ ನಂಬಿದಳು.

ಮೊದಲು ಹಲಗೆ ಕಿತ್ತು, ಹಳೆಯ ಮಂಚದ ನವಾರು ಬಿಚ್ಚಿ, ಟ್ಯೂಬಿನ ತೂತಿಗೆ ತಾನೇ ಹೆಣೆದಳು. ಬೆರಳಿಗೆ ಬೊಬ್ಬೆ ಬಂತು. ಕದಿರೇಶ ಕೆರೆಯ ಅಂಚಿಗೆ ಒಯ್ದು, ಪಾದ ಮುಳುಗುವಷ್ಟು ನೀರಿನಲ್ಲಿ ಕೂತು ಎದ್ದ. "ಜಗ್ಗುತ್ತೆ," ಅಂದ. ನಿಜ, ನವಾರು ನೀರು ಕುಡಿದು ಜೋತುಬಿದ್ದಿತ್ತು. ಆಮೇಲೆ ಗುಜರಿಯಿಂದ ಮೊಪೆಡ್ಡಿನ ಸೀಟು ತಂದಳು. ಅದರ ಸ್ಪಂಜು ಎರಡು ಕೊಡ ನೀರು ಕುಡಿದು ಹೆಣಭಾರವಾಯಿತು. ಅದೂ ನಿಜವೇ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆಸಿದಳು. "ತೊಡೆ ಕೊಯ್ಯುತ್ತೆ," ಅಂದ. ಪ್ರತಿ ಸಲವೂ ಅವನು ಹೇಳಿದ್ದರಲ್ಲಿ ಒಂದಿಷ್ಟು ನಿಜ ಇರುತ್ತಿತ್ತು. ಅದಕ್ಕೇ ಅವಳಿಗೆ ಕೂಗಾಡಲೂ ಆಗುತ್ತಿರಲಿಲ್ಲ, ಸುಮ್ಮನಿರಲೂ ಆಗುತ್ತಿರಲಿಲ್ಲ.

"ಪಾಪಂ, ವಾಡಿಕಿ ನಡುಮು ನೊಪ್ಪಿ," ಎಂದು ಅಂಜಮ್ಮ ಜಗುಲಿಯಿಂದಲೇ ಕೊರಗುತ್ತಿದ್ದಳು. ಗಡಿಯಾಚೆ ಹುಟ್ಟಿ ಬೆಳೆದ ಅಂಜಮ್ಮನಿಗೆ ಮಗನ ಸೊಂಟನೋವಿನ ಮಾತು ಬಂದರೆ ಕನ್ನಡ ಮರೆತುಹೋಗಿ ತೆಲುಗೇ ಬರುತ್ತಿತ್ತು.

"ನೊಪ್ಪಿ ಅಲ್ಲ ಅಜ್ಜಿ, ಸೋಂಬೇರಿತನ. ನನ್ನ ಬೆರಳಿಗೇನು ನೊಪ್ಪಿ ಇಲ್ವಾ?" ಎಂದು ಗಂಗಾಲಕ್ಷ್ಮಿ ಒಳಗಿನಿಂದ ಸಿಡುಕುತ್ತಿದ್ದಳು.

ಮುಳಬಾಗಿಲಿನ ಹಾರ್ಡ್‌ವೇರ್ ಅಂಗಡಿಗೆ ಹೋದದ್ದು ಆಮೇಲೆ. "ಕೆರೇಲಿ ಕೂರೋಕೆ ಸೀಟು ಬೇಕು. ನೀರು ಕುಡೀಬಾರ್ದು, ಭಾರ ಇರ್ಬಾರ್ದು, ತೊಡೆ ಕೊಯ್ಯಬಾರ್ದು," ಎಂದಳು. ಅಂಗಡಿಯವನು ಯೋಚಿಸಿ ಒಳಗಿನಿಂದ ಬಿಳಿಯ ಕಮೋಡಿನ ಸೀಟು ತಂದಿಟ್ಟ. "ಇದ್ಕಿಂತ ಹಗುರ ಯಾವ್ದೂ ಇಲ್ಲಮ್ಮ. ಕೂರೋಕೇ ಅಂತ ಮಾಡಿರೋದು," ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ತಟ್ಟಿ ನೋಡಿದಳು, ಅಂಚು ಸವರಿ ನೋಡಿದಳು. ನುಣ್ಣಗೆ, ಹಗುರವಾಗಿ, ಟ್ಯೂಬಿಗೆ ಹೇಳಿ ಮಾಡಿಸಿದ ಹಾಗಿತ್ತು. ಏನಾದರೂ ಆಗಲಿ, ಹೊಸದು, ಯಾರೂ ಬಳಸಿಲ್ಲ ಎಂದು ತಂದಳು.

ಕೆರೆ ಏರಿಯ ಮೇಲೆ ಅವತ್ತು ಜಾತ್ರೆಗೆ ಸೇರಿದ ಹಾಗೆ ಜನ ಸೇರಿದ್ದರು. ಸುದ್ದಿ ಹಬ್ಬಿಸಿದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

"ಏನಣ್ಣಾ ಕದಿರೇಶಣ್ಣ," ಎಂದ ವೆಂಕಟ್ ಮೇಲಿನಿಂದ, "ಕೆರೆಗೆ ಹೋಗ್ತಿರೋದು ಮೀನ್ ಹಿಡಿಯೋಕಾ, ಇನ್ನೊಂದಕ್ಕಾ?"

ಏರಿಯೆಲ್ಲ ನಕ್ಕಿತು. ಆ ಟ್ಯೂಬಿನ ಮೀನು ನಮಗೆ ಬ್ಯಾಡಪ್ಪ ಎಂದು ಯಾರೋ ದನಿಗೂಡಿಸಿದರು. ಕದಿರೇಶ ಟ್ಯೂಬನ್ನು ಹೆಗಲಿಗೇರಿಸಿ ದಡ ಹತ್ತಿದ. ಗಂಗಾಲಕ್ಷ್ಮಿಗೆ ನೆತ್ತಿಗೇರಿದ ಸಿಟ್ಟು ಮೂರು ದಿನ ಇಳಿಯಲಿಲ್ಲ. ಆದರೆ ಆ ಸಿಟ್ಟಿನ ನಡುವೆಯೂ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು. ಊರೇ ಆಡಿಕೊಂಡು ನಗುತ್ತಿದ್ದರೂ ಅವನ ಮುಖದಲ್ಲಿ ಅವಮಾನ ಇರಲಿಲ್ಲ. ಸ್ಕೂಲಿಗೆ ರಜ ಸಿಕ್ಕಿದ ಹುಡುಗನದರ ಹಾಗಿತ್ತು ಆ ಮುಖ. ಅದೇಕೆ ಹಾಗೆ ಎಂದು ಯೋಚಿಸುವಷ್ಟು ತಾಳ್ಮೆ ಆಗ ಅವಳಿಗಿರಲಿಲ್ಲ.

ಪೂಜೆಗೆ ಇನ್ನು ಎರಡೇ ದಿನ ಉಳಿದಿತ್ತು. ಮುನಿಶಾಮಿ ದಾರಿಯಲ್ಲಿ ಸಿಕ್ಕವನು, "ಶ್ರೀನಿವಾಸಪುರದ ಶಾಮಿಯಾನ ಅಂಗಡಿ ಕಡೆ ಹೋಗ್ನೋಡವ್ವ. ಮದುವೆ ಸೀಸನ್ ಮುಗೀತು, ಕಾಲು ಮುರಿದ ಕುರ್ಚಿ ರಾಶಿ ಬಿದ್ದಿರುತ್ತೆ," ಎಂದ. ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದಳು. ಮುಂದೆಲ್ಲ ಮಾವಿನ ಲಾರಿಗಳು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಗಂಡನನ್ನು ಬೈದಳು. ಬೈಗುಳ ಖಾಲಿಯಾದಾಗ ಜಾಲಿ ಮರವನ್ನು ಬೈದಳು, ಆಮೇಲೆ ವೆಂಕಟನನ್ನು ಬೈದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು.

ಅಂಗಡಿಯ ಹಿಂದುಗಡೆ ಬಿಳಿ ಪ್ಲಾಸ್ಟಿಕ್ ಕುರ್ಚಿಗಳು ಕಾಲಿಲ್ಲದೆ ಬಿದ್ದಿದ್ದವು.

"ಕಾಲಿಲ್ಲದ ಕುರ್ಚಿ ಯಾರಿಗಮ್ಮಾ?" ಎಂದ ಅಂಗಡಿಯವನು.

"ಬೆನ್ನು ಮುರ್ಕೊಂಡವ್ರಿಗೆ," ಎಂದಳು.

ಒಂದೊಂದನ್ನೇ ಎಳೆದು ರಸ್ತೆ ಬದಿಗೆ ತಂದು, ನೆಲದ ಮೇಲಿಟ್ಟು, ಅದರಲ್ಲಿ ಕೂತು ನೋಡಿದಳು. ಕೈ ಇರುವ ಕುರ್ಚಿ ಬೇಡ, ನೀರು ತಳ್ಳುವಾಗ ಮೊಣಕೈಗೆ ಬಡಿಯುತ್ತದೆ. ಬೆನ್ನು ಎತ್ತರ ಇರುವುದು ಬೇಡ, ಹಿಂದಕ್ಕೆ ತಿರುಗಿ ಬಲೆ ತೆಗೆಯಲಾಗುವುದಿಲ್ಲ. ಒಂದರಲ್ಲಿ ಸೀಳು ಬಿಟ್ಟಿತ್ತು, ಎದ್ದರೆ ಮಾಂಸ ಹಿಡಿದುಕೊಳ್ಳುತ್ತಿತ್ತು. ಇನ್ನೊಂದರ ಮುಂದಿನ ಅಂಚು ಚೂಪು, ಕಾಲು ಇಳಿಬಿಟ್ಟರೆ ಜೋಮು ಹಿಡಿಯುತ್ತದೆ. ಗಂಡನ ಮೈ ತನಗಿಂತ ದಪ್ಪ ಎಂದು ಸೆರಗನ್ನು ಮಡಿಸಿ ಸೊಂಟಕ್ಕೆ ಸುತ್ತಿಕೊಂಡು ಕೂತಳು. ಕೂತು ಎರಡೂ ಕೈ ಗಾಳಿಯಲ್ಲಿ ಹಿಂದಕ್ಕೆ ತಳ್ಳಿದಳು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು.

"ಏನ್ ನೋಡ್ತೀರ? ಮೀನ್ ಹಿಡೀತಿದೀನಿ," ಎಂದಳು ಗಂಗಾಲಕ್ಷ್ಮಿ. ಅವರು ಬೇರೆ ಕಡೆ ತಿರುಗಿದರು.

ರಾಶಿಯ ಕೆಳಗೆ ಒಂದು ಸಿಕ್ಕಿತು. ಕೈಗಳಿಲ್ಲ, ಬೆನ್ನು ಮೊಟಕು, ಅಂಚು ದುಂಡಗೆ, ಕೂರುವ ಕಡೆ ನೀರು ಇಳಿದುಹೋಗುವುದಕ್ಕೆ ಸಣ್ಣ ತೂತುಗಳು. ಅದರಲ್ಲಿ ಕೂತು ಬೆನ್ನು ಆನಿಸಿದಾಗ ಅವಳಿಗೆ ಏಳುವುದೇ ಬೇಡ ಅನ್ನಿಸಿತು. ಬೆಳಗಿನಿಂದ ಮೊದಲ ಸಲ ಅವಳ ಹುಬ್ಬಿನ ಗಂಟು ಬಿಚ್ಚಿತು. ಇದಕ್ಕೂ ಅವನು ತಪ್ಪು ಹುಡುಕಿದರೆ ಅದು ಸೊಂಟದ ತಪ್ಪಲ್ಲ, ತಲೆಯ ತಪ್ಪು ಅಂದುಕೊಂಡಳು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಅದನ್ನು ಬಿಗಿದು ಅಂಗಳದಲ್ಲಿಟ್ಟಳು. "ಸಂಜೆ ಕೆರೇಲಿ ನೋಡ್ತೀನಿ. ಈಗ ಇಲ್ಲೇ ಕೂತು ನೋಡ್ತೀನಿ," ಎಂದ ಕದಿರೇಶ. ಅವಳು ಕೊಟ್ಟಿಗೆಗೆ ಹೋಗಿ ಹಸುವಿಗೆ ಬೂಸಾ ಕಲಸಿಟ್ಟು ಬರುವಷ್ಟರಲ್ಲಿ ಅಂಗಳದಿಂದ ಗೊರಕೆ ಕೇಳಿಸಿತು.

ಹೊಂಗೆಯ ನೆರಳಿನಲ್ಲಿ, ಟ್ಯೂಬಿನ ಮೇಲೆ, ಆ ಸೀಟಿನಲ್ಲಿ ಕದಿರೇಶ ಮಲಗಿದ್ದ. ತಲೆ ಹಿಂದಕ್ಕೆ, ಬಾಯಿ ತೆರೆದು, ಕಾಲು ಚಾಚಿ. ತೊಟ್ಟಿಲ ಮಗು ಕೂಡ ಅಷ್ಟು ಸುಖವಾಗಿ ಮಲಗಿರಲಾರದು.

ಅವಳು ನಿಂತು ನೋಡಿದಳು. ಒಂದೇ ಸಮನೆ ಐದು ನಿಮಿಷ ಕೂರಲಾಗದ ಸೊಂಟ ಇಲ್ಲಿ ಗೊರಕೆ ಹೊಡೆಯುತ್ತಿದೆ. ಹಾಗಾದರೆ ನೋವು ಕೆರೆಯ ಅಂಚಿನಲ್ಲಿ ಮಾತ್ರ ಬರುವುದೇ? ತಿಂಗಳುಗಳಿಂದ ಅವನು ಕೆರೆಯಲ್ಲಿ ಸ್ನಾನ ಮಾಡಿಲ್ಲ, ನಲ್ಲಿಯಲ್ಲೇ. ಹೊಲಕ್ಕೆ ಹೋಗುವಾಗ ಏರಿ ಬಿಟ್ಟು ಸುತ್ತು ಬಳಸಿ ಹೋಗುತ್ತಾನೆ. ಏಕೆ ಅಂತ ಕೇಳಿದರೆ ಏರಿ ಹತ್ತಿದರೆ ಸೊಂಟ ಹಿಡಿಯುತ್ತೆ ಅನ್ನುತ್ತಾನೆ. ನವಾರು, ಮೊಪೆಡ್ಡು, ವೈರು, ಕಮೋಡು, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ತನ್ನನ್ನು ಇಷ್ಟು ದಿನ ಕೋತಿ ಕುಣಿಸಿದ ಹಾಗೆ ಕುಣಿಸಿದ್ದಾನೆ ಅನ್ನಿಸಿದಾಗ ತಡೆಯಲಾರದಷ್ಟು ಸಿಟ್ಟು ಬಂತು. ಬಗ್ಗಿ, ಟ್ಯೂಬಿನ ವಾಲ್ವು ತಿರುಗಿಸಿ ಕಿತ್ತಳು.

ಬುಸ್ಸೆಂದು ಗಾಳಿ ಹೋಗತೊಡಗಿತು. ಟ್ಯೂಬು ಒಂದು ಕಡೆಗೆ ವಾಲಿತು. ಕದಿರೇಶ ಕಣ್ಣು ಬಿಡುವ ಮೊದಲೇ ಕೈ ಎತ್ತಿದ. ಬಾಯಿ ಮುಚ್ಚಿಕೊಂಡು, ಕತ್ತು ಮೇಲೆ ಮಾಡಿ, ಎರಡೂ ಕೈಯಿಂದ ಗಾಳಿಯನ್ನು ಬಾಚಿ ಬಾಚಿ ಎಳೆದ. ಕಾಲನ್ನು ಯಾರೋ ಹಿಡಿದಿದ್ದಾರೆ ಅನ್ನುವ ಹಾಗೆ ಒದ್ದುಕೊಂಡ. ಪಕ್ಕಕ್ಕೆ ಉರುಳಿ, ಅಂಗಳದ ಮಣ್ಣು ಕೈಗೆ ಸಿಕ್ಕಿದ ಮೇಲೆ ಅದನ್ನು ಹಿಡಿಹಿಡಿಯಾಗಿ ಬಿಗಿದು ಹಿಡಿದು, ಆಮೇಲೆ ಉಸಿರು ಬಿಟ್ಟ. ಒಣಗಿದ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಅವನು ಮುಳುಗಿ ಎದ್ದಿದ್ದ.

ಕ್ಷಣಹೊತ್ತು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆಮೇಲೆ ಬಂದ ಸಿಟ್ಟು ಮೊದಲಿನದಕ್ಕಿಂತ ದೊಡ್ಡದು.

"ಸೊಂಟ ಹೆಂಗೈತೆ ಮಾವ?" ಎಂದಳು.

ಅವನು ಹಣೆಯ ಬೆವರು ಒರೆಸಿಕೊಂಡ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನು ಊರೂರು ತಿರುಗಿ ನೆಲ ಸರಿ ಮಾಡ್ತಾ ಇದೀನಿ. ಭಯ ಅಂತ ಒಂದು ಮಾತು ಹೇಳೋಕೆ ನಿಂಗೇನಾಗಿತ್ತು?"

"ಮೆಲ್ಲಗೆ ಮಾತಾಡೇ. ವೆಂಕಟಂಗೆ ಕೇಳಿಸೀತು," ಎಂದ ಕದಿರೇಶ.

ಅಷ್ಟೇ ಸಾಕಾಯಿತು. ಹೆಂಡತಿಯ ಬೊಬ್ಬೆ ಬಂದ ಬೆರಳು ಕಾಣಲಿಲ್ಲ, ಬೀದಿಯಲ್ಲಿ ಕೂತು ನಗೆಪಾಟಲಾದದ್ದು ಕಾಣಲಿಲ್ಲ, ವೆಂಕಟನ ಕಿವಿ ಮಾತ್ರ ಕಂಡಿತು ಇವನಿಗೆ. "ಊರಿಗೆಲ್ಲ ಸುಳ್ಳು ಹೇಳು, ನಂಗ್ಯಾತಕ್ಕೆ ಹೇಳ್ದೆ? ನಂಗೆ ಈಜು ಕಲ್ಸಿದೋನು ನೀನು. ನಂಗೆ ಭಯ ಆದಾಗ ನಾನು ನಿಂಗೆ ಹೇಳ್ದೆ ತಾನೆ?" ಎಂದಳು. ಕಿತ್ತ ವಾಲ್ವನ್ನು ಅವನ ಮುಂದೆ ಎಸೆದು, ಒಳಗೆ ಹೋದಳು.

ಅವತ್ತು ಸಂಜೆ ಅವಳು ಅವನ ಜೊತೆ ಮಾತಾಡಲಿಲ್ಲ. ಮುದ್ದೆಯ ತಟ್ಟೆಯನ್ನು ಮುಂದೆ ಇಟ್ಟ ಸದ್ದು ಜಗುಲಿಯವರೆಗೆ ಕೇಳಿಸಿತು. ಕದಿರೇಶ ಊಟ ಮಾಡಿ, ಟ್ಯೂಬಿಗೆ ಮತ್ತೆ ಗಾಳಿ ತುಂಬಿಸಿಕೊಂಡು ಬಂದು, ಬಲೆಯನ್ನು ಮಡಿಸಿ ಜೋಡಿಸಿಟ್ಟ. ನಾಳೆ ಇಳಿಯುತ್ತಾನೇನೋ ಎಂದು ಅವಳು ಆಸೆಪಟ್ಟಳು. ಕೇಳುವುದಕ್ಕೆ ಮಾತ್ರ ಹಟ ಬಿಡಲಿಲ್ಲ.

ಶುಕ್ರವಾರ ಸಂಜೆ ಎಂಟು ಟ್ಯೂಬುಗಳೂ ಕೆರೆಯಂಚಿಗೆ ಬಂದವು. ಒಂಬತ್ತನೆಯದನ್ನು ವೆಂಕಟ್ ಉರುಳಿಸಿಕೊಂಡು ಬಂದು ಸ್ವಲ್ಪ ದೂರದಲ್ಲಿ ನಿಲ್ಲಿಸಿದ. ಮುನಿಶಾಮಿ ಗಂಗಮ್ಮನ ಕಲ್ಲಿಗೆ ಪೂಜೆ ಮಾಡಿ, ಬಾಳೆಲೆಯ ಮೇಲೆ ದೀಪ ಹಚ್ಚಿ ನೀರಿಗೆ ಬಿಟ್ಟ. ಹೆಂಗಸರು ಅರಿಶಿನ ಬಳಿದರು. ಗಂಗಾಲಕ್ಷ್ಮಿಯೂ ಬಳಿದಳು, ಗೋಣಿಯ ಮೇಲೆ, ಸೀಟಿನ ಬೆನ್ನ ಮೇಲೆ. ಒಂದೊಂದೇ ಟ್ಯೂಬು ಗಂಡಸರನ್ನು ಹೊತ್ತು ಹೊರಟಿತು. ಚಪ್ಪಲಿಗಳು ಚಪ್ ಚಪ್ ಎಂದು ನೀರು ತಳ್ಳುವ ಸದ್ದು ದೂರ ದೂರ ಹೋಯಿತು. ಕದಿರೇಶ ಮಾತ್ರ ಟ್ಯೂಬಿನ ಹಗ್ಗ ಹಿಡಿದು ನಿಂತಿದ್ದ, ಪಾದದ ಬೆರಳು ನೆನೆಯದ ಹಾಗೆ, ಸರಿಯಾಗಿ ಅಂಚಿನಲ್ಲಿ.

"ಕೂರಪ್ಪ, ಹೊತ್ತು ಹೋಗ್ತೈತೆ," ಎಂದ ಮುನಿಶಾಮಿ. ವಯಸ್ಸಾಯಿತೆಂದು ಈ ವರ್ಷದಿಂದ ಅವನು ದಡದಲ್ಲೇ ನಿಂತು ಎಲ್ಲರೂ ಹೋದರೆಂದು ನೋಡಿಕೊಳ್ಳುತ್ತಿದ್ದ, ಅವನ ಬದಲು ಮಗ ನೀರಿಗೆ ಇಳಿದಿದ್ದ.

ಕದಿರೇಶ ನೀರು ನೋಡಿದ. ಹೆಂಡತಿಯ ಮುಖ ನೋಡಿದ. ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಭಯ ಅಂತ ಹೇಳು ಮಾವ, ಎಲ್ಲರ ಮುಂದೆ ಹೇಳು, ಜಾಗ ಹೋದರೆ ಹೋಗಲಿ, ನಾನು ನಿನ್ನ ಪಕ್ಕ ನಿಲ್ಲುತ್ತೇನೆ.

"ಸೀಟು ಯಾಕೋ..." ಎಂದ ಕದಿರೇಶ.

ಮುಂದಿನ ಮಾತು ಅವನ ಬಾಯಲ್ಲೇ ಉಳಿಯಿತು. ಗಂಗಾಲಕ್ಷ್ಮಿ ಸೀರೆಯ ನೆರಿಗೆ ಎತ್ತಿ ಕಚ್ಚೆ ಬಿಗಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವನ ಕೈಯಿಂದ ಹಗ್ಗ ಕಿತ್ತು, ಟ್ಯೂಬನ್ನು ನೀರಿಗೆ ಎಳೆದಳು. "ಸೀಟಿನ ಸುದ್ದಿ ಇನ್ನೊಂದ್ಸಲ ಎತ್ತಿದ್ರೆ ನೋಡು. ಆರಿಸಿ ತಂದೋಳು ನಾನು," ಎಂದಳು. "ಚಪ್ಪಲಿ ಬಿಡು."

ಅವನು ಚಪ್ಪಲಿ ಬಿಟ್ಟ. ಅವಳು ಅವನ್ನು ಕೈಗೆ ಸಿಕ್ಕಿಸಿಕೊಂಡಳು.

ವೆಂಕಟ್ ಓಡಿಬಂದ. "ಇದೇನ್ ಮುನಿಶಾಮಣ್ಣ, ಹೆಂಗಸ್ರು ಕೂರೋದು ಎಲ್ಲಾದ್ರೂ ಉಂಟಾ? ಕಟ್ಟಳೆ ಅಂತ ಒಂದೈತಲ್ಲ."

ಮುನಿಶಾಮಿ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. "ಮನೆಯೋರು ಕೂತು ಟ್ಯೂಬು ಒದ್ದೆಯಾಗಿ ಬರ್ಬೇಕು ಅಂತ ಕಟ್ಟಳೆ. ಅವಳೇನು ಪಕ್ಕದ ಮನೆಯೋಳಾ? ಗಂಗಮ್ಮ ಬ್ಯಾಡ ಅಂದ್ರೆ ಗಂಗಮ್ಮ ನೋಡ್ಕೋತಾಳೆ. ಅವಳೂ ಹೆಂಗ್ಸೇ ಕಣ್ಲಾ. ನೀನು ಅತ್ಲಾಗೆ ನಿಂತ್ಕೋ."

ದಡದಿಂದ ನೋಡಿದರೆ ಕೆರೆ ಚಿಕ್ಕದು. ಟ್ಯೂಬಿನಲ್ಲಿ ಕೂತರೆ ಆಚೆ ದಡವೇ ಕಾಣುವುದಿಲ್ಲ ಅನ್ನುವುದು ಅವಳಿಗೆ ಅವತ್ತು ಗೊತ್ತಾಯಿತು. ನೀರು ಎದೆಯ ಹತ್ತಿರಕ್ಕೆ ಬಂದು ನಿಂತಿತ್ತು. ಕಾಲಿನ ಕೆಳಗೆ ಎಷ್ಟು ಆಳವೋ, ಏನಿದೆಯೋ, ಬೆರಳಿಗೆ ಏನೋ ತಾಕಿ ಜಾರಿಹೋಯಿತು. ಸಿಟ್ಟಿನ ಬಲದಲ್ಲೇ ನೀರು ತಳ್ಳಿದಳು. ಚಪ್, ಸುಳ್ಳುಗಾರ. ಚಪ್, ಸೊಂಟವಂತೆ ಸೊಂಟ. ಬಲೆ ಬಿಚ್ಚುತ್ತಾ, ಹಿಂದಕ್ಕೆ ಬಿಡುತ್ತಾ ಹೋದಳು. ಸೀಟು ಅಲುಗಲಿಲ್ಲ, ಬೆನ್ನಿಗೆ ಗೋಡೆಯ ಹಾಗೆ ನಿಂತಿತ್ತು.

ಬಲೆ ಅರ್ಧ ಬಿಟ್ಟಿದ್ದಾಗ ಎಡಗಡೆ ನೀರಿನಿಂದ ಮೇಲಕ್ಕೆ ಕಪ್ಪಗೆ ನಾಲ್ಕು ಕಡ್ಡಿ ಎದ್ದದ್ದು ಕಂಡಿತು. ಜಾಲಿ. ಕಡ್ಡಿಯ ತುದಿಗೆ ನೀಲಿಯ ಬಲೆಯ ತುಂಡೊಂದು ಸುತ್ತಿಕೊಂಡು, ಬಿಸಿಲಿಗೆ ಬೆಳ್ಳಗಾಗಿ, ಇನ್ನೂ ಅಲ್ಲೇ ಇತ್ತು. ಆ ಬಲೆಯ ಗಂಟು ಅವಳಿಗೆ ಗೊತ್ತು, ಅದನ್ನು ರಿಪೇರಿ ಮಾಡಿದವಳು ಅವಳೇ. ಇದೇ ಜಾಗ. ಇಲ್ಲೇ ಅವನ ಕಾಲು ಸಿಕ್ಕಿದ್ದು. ಇಲ್ಲಿಂದ ಕೂಗಿದರೆ ದಡಕ್ಕೆ ಕೇಳಿಸುವುದಿಲ್ಲ.

ಅವಳ ಕೈ ನಿಂತಿತು. ಇಷ್ಟನ್ನು ಅವನು ಒಬ್ಬನೇ ಹೊತ್ತುಕೊಂಡು, ಸೊಂಟ ಹಿಡಿದುಕೊಂಡು ಊರೆಲ್ಲ ಓಡಾಡಿದ್ದನಲ್ಲ. ಅದನ್ನು ನೆನೆದು ಅವಳಿಗೆ ಅಳು ಬಂತು. ಅಳುತ್ತಲೇ ಅವನನ್ನು ಇನ್ನೂ ಎರಡು ಮಾತು ಬೈದಳು. ಟ್ಯೂಬು ಮೆಲ್ಲಗೆ ಜಾಲಿಯ ಕಡೆಗೆ ತಿರುಗುತ್ತಿತ್ತು. ನೀರು ಹೊರುತ್ತೆ ಕಣೇ, ನೀನು ಸುಮ್ಕಿರು. ಅವಳು ಉಸಿರು ಹಿಡಿದು, ಬೆನ್ನನ್ನು ಸೀಟಿಗೆ ಆನಿಸಿ, ಟ್ಯೂಬು ತಾನಾಗಿ ನೆಟ್ಟಗಾಗುವವರೆಗೆ ಸುಮ್ಮನಿದ್ದಳು. ಆಮೇಲೆ ಎಡಗೈಯಿಂದ ಮಾತ್ರ ನೀರು ಹಿಂದಕ್ಕೆಳೆದು, ಮುಳ್ಳಿನಿಂದ ದೂರ ತಿರುಗಿಸಿದಳು. ಉಳಿದ ಬಲೆ ಬಿಟ್ಟಳು.

ಹಿಂದಿರುಗಿ ಬರುವಾಗ ಹೊತ್ತು ಮುಳುಗುತ್ತಿತ್ತು. ಏರಿಯ ಮೇಲೆ ಜನ ಇದ್ದರು, ಆದರೆ ಯಾರೂ ನಗುತ್ತಿರಲಿಲ್ಲ. ವೆಂಕಟ್ ತನ್ನ ಟ್ಯೂಬು ಉರುಳಿಸಿಕೊಂಡು ಮನೆಯ ಕಡೆಗೆ ಹೊರಟಿದ್ದ. ಅದು ಅಂಗೈಯಷ್ಟೂ ನೆನೆದಿರಲಿಲ್ಲ.

ಕದಿರೇಶ ನೀರಿನಲ್ಲಿದ್ದ. ಯಾವಾಗ ಇಳಿದನೋ, ಅವಳು ಜಾಲಿಯ ಹತ್ತಿರ ನಿಂತುಬಿಟ್ಟಾಗ ಇಳಿದಿರಬೇಕು. ಪಂಚೆ ತೊಡೆಯವರೆಗೂ ನೆನೆದು ಅಂಟಿಕೊಂಡಿತ್ತು. ಒಂದು ಕೈಯಲ್ಲಿ ಪಂಚೆಯನ್ನು ಬಿಗಿದು ಹಿಡಿದಿದ್ದ, ಆದರೂ ಇನ್ನೊಂದು ಹೆಜ್ಜೆ ಮುಂ‌ದಿಟ್ಟು, ಕೈ ಚಾಚಿ ಟ್ಯೂಬಿನ ಹಗ್ಗ ಹಿಡಿದುಕೊಂಡ. ಹೆಂಡತಿಯ ಮುಖವನ್ನು ನೋಡಿದ, ಕಾಲನ್ನು ನೋಡಿದ, ಎಲ್ಲ ಇದೆಯೇ ಎಂದು ಲೆಕ್ಕ ಹಾಕಿದವನ ಹಾಗೆ.

"ಸೀಟು ಹೆಂಗೈತೆ?" ಎಂದ, ಮೆಲ್ಲಗೆ.

ಸೀಟು ಬಹಳ ಚೆನ್ನಾಗಿತ್ತು. ಅದರಲ್ಲಿ ಕೂತು ಕೋಲಾರದವರೆಗೂ ಹೋಗಿಬರಬಹುದಿತ್ತು. ಅವಳು ಚಪ್ಪಲಿಗಳನ್ನು ಕೈಯಿಂದ ಕಳಚಿ ಅವನ ಹೆಗಲ ಮೇಲೆ ಇಟ್ಟಳು.

"ಒತ್ತುತ್ತೆ," ಎಂದಳು. "ನಾಳೆ ನೀನೇ ಶ್ರೀನಿವಾಸಪುರಕ್ಕೆ ಹೋಗಿ ಬೇರೆ ತಗೊಂಡ್ ಬಾ. ಎಲ್ಲಾದ್ರಲ್ಲೂ ಕೂತು ನೋಡಿ ತರ್ಬೇಕು. ಬೀದೀಲಿ ಕೂತು ನೋಡ್ಬೇಕು."

ಅವನು ತೊಡೆಮಟ್ಟದ ನೀರಿನಲ್ಲಿ ನಿಂತು ಹೂಂ ಅಂದ. ಸೊಂಟದ ಮಾತು ಎತ್ತಲಿಲ್ಲ.